ಆಸಿಡ್ ಬೀಳುವ ಕಡೆ ಇಟ್ಟಿಗೆ, ಟೈಲ್, ಸ್ಯಾಡಲ್: ಆರಿಸುವುದರಿಂದ ರಿಪೇರಿಯವರೆಗೆ

ಪಿಕ್ಲಿಂಗ್ ಶೆಡ್ಡಿನ, ಅಂದರೆ ಲೋಹವನ್ನು ಆಸಿಡ್ಡಿನಲ್ಲಿ ಅದ್ದಿ ತುಕ್ಕು ತೆಗೆಯುವ ಜಾಗದ, ನೆಲ ಕಿತ್ತು ಬಂದಾಗ ಎಲ್ಲರೂ ಮೊದಲು ಬೈಯುವುದು ಇಟ್ಟಿಗೆಯನ್ನೇ. ಆಸಿಡ್ ಪ್ರೂಫ್ ಅಂತ ದುಡ್ಡು ಕೊಟ್ಟು ತಂದೆವು, ಎರಡು ವರ್ಷವೂ ಬಾಳಲಿಲ್ಲ ಅನ್ನುತ್ತಾರೆ. ಆ ನೆಲದಿಂದ ಒಂದು ಇಟ್ಟಿಗೆ ಎತ್ತಿ, ಚೆನ್ನಾಗಿ ತೊಳೆದು, ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಬಹಳ ಸಲ ಅಂಚು ಹೊಸದರ ಹಾಗೇ ಚೂಪಾಗಿರುತ್ತದೆ. ಇಟ್ಟಿಗೆಗೆ ಏನೂ ಆಗಿರುವುದಿಲ್ಲ. ನಡುವಿನ ಗಾರೆ ಪುಡಿಯಾಗಿರುತ್ತದೆ. ಆ ಸಂದಿನಲ್ಲಿ ಆಸಿಡ್ ಇಳಿದು ಕೆಳಗಿನ ಕಾಂಕ್ರೀಟನ್ನು ತಿಂದಿರುತ್ತದೆ.

ಕೆಮಿಕಲ್ ಕಾರ್ಖಾನೆಯಲ್ಲಿ ಜೇಡಿಮಣ್ಣಿನ ಸಾಮಾನು ಬಳಸುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮಣ್ಣು ಸಾಮಾನ್ಯವಾಗಿ ಕೈಕೊಡುವುದಿಲ್ಲ. ಅದನ್ನು ಜೋಡಿಸಿದ ರೀತಿ, ಅದರ ಹಿಂದಿನ ಪದರ, ಅದರ ಮೇಲೆ ಸುರಿದ ಬಿಸಿ ಅಥವಾ ತಣ್ಣೀರು ಕೈಕೊಡುತ್ತದೆ. ಹಾಗಾಗಿ ಇಲ್ಲಿ ಸಂದು, ಗಾರೆ, ಪದರಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಪೀಣ್ಯದಂಥ ಕಡೆ ಚಿಕ್ಕ ಪ್ಲೇಟಿಂಗ್ ಘಟಕ ನಡೆಸುವವರು, ದೊಡ್ಡ ಪ್ಲಾಂಟಿನಲ್ಲಿ ಹೊಸದಾಗಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ಆಸಿಡ್ ಇಟ್ಟಿಗೆ ಕೆಲಸ ಒಪ್ಪಿಕೊಳ್ಳುವ ಮೇಸ್ತ್ರಿಗಳು ಇವರೆಲ್ಲರಿಗೂ ಉಪಯೋಗವಾಗಲಿ ಎಂಬುದು ನನ್ನ ಆಸೆ.

ಮಣ್ಣು ಆಸಿಡ್ ತಡೆಯುವುದು ಹೇಗೆ

ಜೇಡಿಮಣ್ಣಿನ ಮುಖ್ಯ ಖನಿಜ ಕೆಯೋಲಿನೈಟ್. ಅದರಲ್ಲಿ ಸಿಲಿಕಾ, ಅಲ್ಯೂಮಿನಾ ಮತ್ತು ಒಳಗೇ ಕಟ್ಟಿಕೊಂಡ ನೀರು ಇರುತ್ತದೆ. ಆ ನೀರು ತೂಕದಲ್ಲಿ ಸುಮಾರು ಶೇಕಡ 14. ಗೂಡಿನ ಶಾಖ 450ರಿಂದ 600 ಡಿಗ್ರಿ ಸೆಲ್ಸಿಯಸ್ ಆಗುವ ಹೊತ್ತಿಗೆ ಅದು ಹೊರಟುಹೋಗುತ್ತದೆ. ಅಲ್ಲಿಗೆ ಮಣ್ಣು ಮತ್ತೆಂದೂ ಹಸಿಮಣ್ಣಾಗುವುದಿಲ್ಲ. ಆದರೆ ಆಸಿಡ್ ತಡೆಯಲು ಅಷ್ಟು ಸಾಲದು. 1100 ಡಿಗ್ರಿ ದಾಟಿದ ಮೇಲೆ ಮುಲ್ಲೈಟ್ ಎಂಬ ಗಟ್ಟಿ ಹರಳು ಹುಟ್ಟುತ್ತದೆ. ಮಣ್ಣಿನೊಳಗಿನ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. 1200–1300 ಡಿಗ್ರಿಯಲ್ಲಿ ಸುಟ್ಟ ಸ್ಟೋನ್‌ವೇರ್, ಪಿಂಗಾಣಿ, ಆಸಿಡ್ ಇಟ್ಟಿಗೆ ಇವೆಲ್ಲ ಈ ಜಾತಿಯವು.

ನಮ್ಮ ಮಂಗಳೂರು ಹೆಂಚನ್ನೇ ತೆಗೆದುಕೊಳ್ಳಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅದೂ ಒಳ್ಳೆಯ ಮಣ್ಣೇ. ಆದರೆ ಹೆಂಚು ಸುಡುವುದು ಕಡಿಮೆ ಶಾಖದಲ್ಲಿ. ಅದರ ಮೈ ನೀರು ಹೀರುತ್ತದೆ, ಮಣ್ಣಿನಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಮಳೆಗೆ ಅದು ಸಾಕು, ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಸಾಲದು. ಆಸಿಡ್ ಮೊದಲು ಹುಡುಕುವುದು ಕಬ್ಬಿಣದ ಆಕ್ಸೈಡ್ ಮತ್ತು ಸುಣ್ಣವನ್ನು. ಅವು ಕಡಿಮೆ ಇದ್ದು ರಂಧ್ರಗಳೂ ಮುಚ್ಚಿದ್ದರೆ ಆಸಿಡ್ಡಿಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಮನೆಯ ಉಪ್ಪಿನಕಾಯಿ ಭರಣಿ ವರ್ಷಗಟ್ಟಲೆ ಉಪ್ಪು, ಹುಳಿ ಎರಡನ್ನೂ ತಡೆದುಕೊಳ್ಳುವುದು ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಏನು ಬೀಳುತ್ತದೆ ಎಂದು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಯಾವ ಆಸಿಡ್, ಎಷ್ಟು ಗಟ್ಟಿ, ಎಷ್ಟು ಬಿಸಿ, ದಿನಕ್ಕೆ ಎಷ್ಟು ಸಲ ಬೀಳುತ್ತದೆ, ನಿಲ್ಲುತ್ತದೋ ಹರಿದುಹೋಗುತ್ತದೋ ಎಂದು ಬರೆಯಿರಿ. ಆಮೇಲೆ ಎಲ್ಲರೂ ಮರೆಯುವ ಪ್ರಶ್ನೆ: ನೆಲವನ್ನು ಯಾವುದರಿಂದ ತೊಳೆಯುತ್ತೀರಿ? ಆಸಿಡ್ ತೊಟ್ಟಿಯ ಪಕ್ಕದಲ್ಲೇ ಕಾಸ್ಟಿಕ್ ತೊಟ್ಟಿ ಇದ್ದರೆ, ಅಥವಾ ಚೆಲ್ಲಿದ ಆಸಿಡ್ ಮೇಲೆ ಸೋಡಾ ನೀರು ಸುರಿಯುವ ಅಭ್ಯಾಸ ಇದ್ದರೆ, ಅದನ್ನೂ ಬರೆಯಿರಿ. ಗಾರೆ ಯಾವುದು ಎಂಬುದು ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಮಣ್ಣಿನ ಸಾಮಾನನ್ನು ಬಳಸಲೇಬಾರದ ಜಾಗಗಳೂ ಇವೆ. ಹೈಡ್ರೋಫ್ಲೋರಿಕ್ ಆಸಿಡ್ ಸಿಲಿಕಾವನ್ನೇ ಕರಗಿಸುತ್ತದೆ. ಎಂಥ ಒಳ್ಳೆ ಇಟ್ಟಿಗೆಯೂ ಅದರ ಎದುರು ನಿಲ್ಲುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಪಿಕ್ಲಿಂಗ್‌ಗೆ ನೈಟ್ರಿಕ್ ಜೊತೆ ಹೈಡ್ರೋಫ್ಲೋರಿಕ್ ಬೆರೆಸುತ್ತಾರಲ್ಲ, ಅಲ್ಲಿ ಕಾರ್ಬನ್ ಇಟ್ಟಿಗೆ ಬೇಕು. ರಾಕ್ ಫಾಸ್ಫೇಟಿನಿಂದ ಮಾಡುವ ಫಾಸ್ಫಾರಿಕ್ ಆಸಿಡ್ಡಿನಲ್ಲೂ ಫ್ಲೋರೈಡ್ ಸೇರಿಕೊಂಡಿರುತ್ತದೆ, ಅಲ್ಲೂ ಹಾಗೇ. ಬಿಸಿ ಕಾಸ್ಟಿಕ್ ಸೋಡಾ ಕೂಡ ಸಿಲಿಕಾವನ್ನು ನಿಧಾನವಾಗಿ ತಿನ್ನುತ್ತದೆ. ತಣ್ಣನೆಯ, ತೆಳು ಕ್ಷಾರ ಆಗೊಮ್ಮೆ ಈಗೊಮ್ಮೆ ಬಿದ್ದರೆ ಇಟ್ಟಿಗೆ ಹೆದರುವುದಿಲ್ಲ.

ಇನ್ನೊಂದು ವಿಷಯ. ಫೈರ್ ಇಟ್ಟಿಗೆ ಬೇರೆ, ಆಸಿಡ್ ಇಟ್ಟಿಗೆ ಬೇರೆ. ಕುಲುಮೆಗೆ ಬಳಸುವ ಫೈರ್ ಇಟ್ಟಿಗೆ ಶಾಖಕ್ಕೆ ಮಾಡಿದ್ದು, ಅದರ ಮೈಯೆಲ್ಲ ರಂಧ್ರ. ನೋಡಲು ಗಟ್ಟಿ ಇದೆ, ರೇಟೂ ಕಡಿಮೆ ಇದೆ ಅಂತ ಅದನ್ನೇ ಆಸಿಡ್ ತೊಟ್ಟಿಗೆ ಹಾಕಿದರೆ ಸ್ಪಂಜಿನಂತೆ ಹೀರಿ ಹಿಂದಿನ ಗೋಡೆಗೆ ದಾಟಿಸುತ್ತದೆ.

ಎರಡನೇ ಹೆಜ್ಜೆ: ಬಂದ ಮಾಲನ್ನು ನೀವೇ ಪರೀಕ್ಷಿಸಿ

ಭಾರತದಲ್ಲಿ ಆಸಿಡ್ ಇಟ್ಟಿಗೆಗೆ ಐ.ಎಸ್. 4860 ಎಂಬ ಮಾನದಂಡ ಇದೆ. ಅದರಲ್ಲಿ ಎರಡು ದರ್ಜೆ. ಒಂದನೇ ದರ್ಜೆಯ ಇಟ್ಟಿಗೆ ನೀರು ಹೀರುವುದು ಶೇಕಡ 2ನ್ನು ದಾಟಬಾರದು, ಎರಡನೇ ದರ್ಜೆಯದು ಶೇಕಡ 4ನ್ನು ದಾಟಬಾರದು. ಟೈಲಿಗೆ ಬೇರೆ ಮಾನದಂಡ, ಅದು ಐ.ಎಸ್. 4457. ಆರ್ಡರ್ ಹಾಕುವಾಗ ಬರೀ "ಆಸಿಡ್ ಪ್ರೂಫ್" ಎಂದು ಬರೆಯಬೇಡಿ. ಮಾನದಂಡದ ಸಂಖ್ಯೆ, ದರ್ಜೆ ಎರಡನ್ನೂ ಬರೆಯಿರಿ. ಲ್ಯಾಬ್ ರಿಪೋರ್ಟ್ ಕೇಳಿ. ರಿಪೋರ್ಟ್ ಬಂದರೂ ಈ ಕೆಳಗಿನ ಪರೀಕ್ಷೆಗಳನ್ನು ನಿಮ್ಮ ಶೆಡ್ಡಿನಲ್ಲೇ ಮಾಡಿ. ಖರ್ಚು ಏನೂ ಇಲ್ಲ.

ಲಾರಿಯ ಬೇರೆ ಬೇರೆ ಕಡೆಯಿಂದ ಕೆಲವು ಇಟ್ಟಿಗೆ ಆರಿಸಿ. ಎರಡನ್ನು ಒಂದಕ್ಕೊಂದು ತಟ್ಟಿ. ಚೆನ್ನಾಗಿ ಬೆಂದಿದ್ದರೆ ಲೋಹದಂತೆ ಠಣ್ ಎನ್ನುತ್ತದೆ. ಡಬ್ ಎಂದರೆ ಒಳಗೆ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಆಮೇಲೆ ಒಂದನ್ನು ಸುತ್ತಿಗೆಯಲ್ಲಿ ಒಡೆಯಿರಿ. ಒಡೆದ ಮುಖ ನಯವಾಗಿ, ಒಂದೇ ಬಣ್ಣದಲ್ಲಿ, ಬಿಗಿಯಾಗಿ ಇರಬೇಕು. ನಡುವೆ ಕಪ್ಪು ತಿರುಳು, ಬಿಳಿ ಸುಣ್ಣದ ಹರಳು, ಪದರ ಪದರ ಕಂಡರೆ ಆ ಲೋಡನ್ನು ಅನುಮಾನಿಸಿ.

ಆ ಒಡೆದ ಮುಖದ ಮೇಲೆ ಪೆನ್ನಿನ ಇಂಕು ಒಂದು ಹನಿ ಹಾಕಿ. ಹೊರಮೈ ಮೇಲೆ ಹಾಕಬೇಡಿ, ಅಲ್ಲಿ ಗ್ಲೇಸ್ (ಗಾಜಿನಂಥ ಹೊಳಪಿನ ಲೇಪ) ಇದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಒಳ್ಳೆಯ ಇಟ್ಟಿಗೆಯಲ್ಲಿ ಹನಿ ಉಬ್ಬಿಕೊಂಡು ಹಾಗೇ ಕೂರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ತೆಳು ಗುರುತಷ್ಟೇ ಉಳಿಯುತ್ತದೆ. ಕಳಪೆ ಇಟ್ಟಿಗೆಯಲ್ಲಿ ಹನಿಯ ಅಂಚು ಕೂಡಲೇ ಕೂದಲೆಳೆಯ ಹಾಗೆ ಹರಡುತ್ತದೆ, ನೋಡನೋಡುತ್ತ ಇಂಕು ಒಳಗೆ ಇಳಿದುಬಿಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿದವರಿಗೆ ಮತ್ತೆ ವಿವರಣೆ ಬೇಕಾಗುವುದಿಲ್ಲ.

ನೀರು ಹೀರುವ ಲೆಕ್ಕ ಸುಲಭ. ಇಟ್ಟಿಗೆಯನ್ನು 110 ಡಿಗ್ರಿ ಓವನ್ನಿನಲ್ಲಿ ಒಣಗಿಸಿ ತೂಗಿ. ನೀರಿನಲ್ಲಿ ಕೆಲವು ಗಂಟೆ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಡಿ. ಹೊರತೆಗೆದು ಮೈ ಒರೆಸಿ ಮತ್ತೆ ತೂಗಿ. ಒಣ ತೂಕ 3,900 ಗ್ರಾಂ, ಒದ್ದೆ ತೂಕ 3,960 ಗ್ರಾಂ ಎಂದಿಟ್ಟುಕೊಳ್ಳಿ. ಹೀರಿದ್ದು 60 ಗ್ರಾಂ. 60ನ್ನು 3,900ರಿಂದ ಭಾಗಿಸಿ 100ರಿಂದ ಗುಣಿಸಿದರೆ 1.54. ಒಂದನೇ ದರ್ಜೆಗೆ ಪಾಸು. ತಣ್ಣೀರಿನಲ್ಲಿ ಸುಮ್ನೆ ನೆನೆಸಿ ತೂಗಿದರೆ ಲೆಕ್ಕ ಕಡಿಮೆ ಬರುತ್ತದೆ, ಯಾಕೆಂದರೆ ಸಣ್ಣ ರಂಧ್ರಗಳಲ್ಲಿ ಗಾಳಿ ಉಳಿದಿರುತ್ತದೆ. ಕುದಿಸಲೇಬೇಕು. ಆಸಿಡ್ಡಿನಲ್ಲಿ ಕುದಿಸಿ ತೂಕ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆಯೂ ಇದೆ. ಅದನ್ನು ಮಾತ್ರ ಲ್ಯಾಬಿನವರಿಗೇ ಬಿಡಿ.

ಅಳತೆಯನ್ನೂ ನೋಡಿ. ಇಟ್ಟಿಗೆಗಳ ಉದ್ದ ಒಂದಕ್ಕೊಂದು ಹೆಚ್ಚು ಕಡಿಮೆ ಇದ್ದರೆ ಸಂದು ಒಂದು ಕಡೆ ಕಿರಿದಾಗಿ, ಇನ್ನೊಂದು ಕಡೆ ಅಗಲವಾಗಿ ಬರುತ್ತದೆ. ಅಗಲ ಸಂದು ಎಂದರೆ ಆಸಿಡ್ಡಿಗೆ ಸಿಗುವ ಗಾರೆ ಹೆಚ್ಚು ಎಂದರ್ಥ.

ಮೂರನೇ ಹೆಜ್ಜೆ: ಇಟ್ಟಿಗೆಯ ಕೆಳಗೆ ಏನಿರಬೇಕು

ಇಟ್ಟಿಗೆ ನೆಲ ನೀರು ಬಿಡದ ನೆಲ ಅಲ್ಲ. ಇದನ್ನು ಒಪ್ಪಿಕೊಳ್ಳಲು ಹೊಸಬರಿಗೆ ಕಷ್ಟವಾಗುತ್ತದೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಸಂದಿನಲ್ಲಿ ಸ್ವಲ್ಪ ಇಳಿದೇ ಇಳಿಯುತ್ತದೆ. ಆಸಿಡ್ ತಡೆಯುವ ನಿಜವಾದ ಗೋಡೆ ಇಟ್ಟಿಗೆಯ ಹಿಂದೆ ಇರುವ ತೆಳು ಪದರ. ಅದು ಬಿಟುಮೆನ್ ಮ್ಯಾಸ್ಟಿಕ್ ಇರಬಹುದು, ರಬ್ಬರ್ ಇರಬಹುದು, ಎಫ್.ಆರ್.ಪಿ. (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಇರಬಹುದು, ಹಳೇ ಪ್ಲಾಂಟುಗಳಲ್ಲಿ ಸೀಸದ ಹಾಳೆ. ಸಲ್ಫ್ಯೂರಿಕ್ ಆಸಿಡ್ ಟವರುಗಳಲ್ಲಿ ಉಕ್ಕಿನ ಕವಚಕ್ಕೂ ಇಟ್ಟಿಗೆಗೂ ನಡುವೆ ಪಿ.ಟಿ.ಎಫ್.ಇ. (ಟೆಫ್ಲಾನ್) ಹಾಳೆ ಹಾಕುವುದೂ ಉಂಟು. ಇಟ್ಟಿಗೆಯ ಕೆಲಸ ಆ ಪದರಕ್ಕೆ ಬಿಸಿ, ಉಜ್ಜಾಟ, ಪೆಟ್ಟು ತಾಗದಂತೆ ಕಾಯುವುದು. ರಬ್ಬರ್ ಹೆಚ್ಚು ಬಿಸಿ ತಾಳುವುದಿಲ್ಲ. ಒಳಗಿನ ಆಸಿಡ್ ಬಿಸಿ ಇದ್ದಷ್ಟೂ ಇಟ್ಟಿಗೆಯ ದಪ್ಪ ಹೆಚ್ಚಿಸಬೇಕು. ಒಂದು ಸಾಲು ಸಾಲದಿದ್ದರೆ ಎರಡು ಸಾಲು, ಮೊದಲ ಸಾಲಿನ ಸಂದಿನ ಮೇಲೆ ಎರಡನೇ ಸಾಲಿನ ಸಂದು ಬರದ ಹಾಗೆ.

ನೆಲಕ್ಕಾದರೆ ಕ್ರಮ ಹೀಗೆ. ಮೊದಲು ಕಾಂಕ್ರೀಟ್. ವಾಟವನ್ನು ಕಾಂಕ್ರೀಟಿನಲ್ಲೇ ಕೊಡಿ, ಮೀಟರಿಗೆ ಒಂದು, ಒಂದೂವರೆ ಸೆಂಟಿಮೀಟರ್. ಮೇಲೆ ಗಾರೆ ದಪ್ಪ ಮಾಡಿ ವಾಟ ತರುತ್ತೇನೆ ಎನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ಕಾಂಕ್ರೀಟ್ ಪೂರ್ತಿ ಒಣಗಿದ ಮೇಲೆ ತಡೆ ಪದರ. ಅದನ್ನು ಗೋಡೆಯ ಮೇಲೂ ಒಂದಷ್ಟು ಎತ್ತರಕ್ಕೆ ಹತ್ತಿಸಿ. ಮೂಲೆ, ಡ್ರೈನ್, ಪೈಪು ಹೊರಬರುವ ಜಾಗ ಇವುಗಳಲ್ಲಿ ಎರಡು ಪಟ್ಟು ಗಮನ ಕೊಡಿ. ನೆಲದ ನಡುವೆ ಸೋರುವುದು ಅಪರೂಪ, ಅಂಚುಗಳಲ್ಲೇ ಸೋರುವುದು. ಇಟ್ಟಿಗೆ ಹಾಸುವ ಮುಂಚೆ ತಡೆ ಪದರದ ಮೇಲೆ ನೀರು ಕಟ್ಟಿ ಒಂದು ದಿನ ಬಿಡಿ. ಸೋರಿಕೆ ಇದ್ದರೆ ಈಗಲೇ ಕಾಣುತ್ತದೆ. ಆಮೇಲೆ ಪೂರ್ತಿ ಒಣಗಿಸಿ.

ನಾಲ್ಕನೇ ಹೆಜ್ಜೆ: ಗಾರೆ ಆರಿಸುವುದು

ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಇದು. ಮಾಮೂಲಿ ಸಿಮೆಂಟ್ ಗಾರೆಯಲ್ಲಿ ಸುಣ್ಣದ ಅಂಶ ಇದೆ, ಅದಕ್ಕೂ ಆಸಿಡ್ಡಿಗೂ ಆಗುವುದಿಲ್ಲ. ಆಸಿಡ್ ತಡೆಯುವ ಗಾರೆಗಳಿಗೆ ಐ.ಎಸ್. 4832 ಎಂಬ ಮಾನದಂಡ ಮೂರು ಭಾಗಗಳಲ್ಲಿದೆ: ಸಿಲಿಕೇಟ್, ರೆಸಿನ್, ಗಂಧಕ.

ಸಿಲಿಕೇಟ್ ಗಾರೆ ಗಟ್ಟಿ ಆಸಿಡ್ಡಿಗೆ, ಹೆಚ್ಚು ಬಿಸಿಗೆ ಚೆನ್ನ. ರೇಟೂ ಕಡಿಮೆ. ಆದರೆ ಕ್ಷಾರ ತಾಗಿದರೆ ಕರಗುತ್ತದೆ. ದಿನವೂ ನೀರಿನಲ್ಲಿ ನೆನೆಯುವ ನೆಲಕ್ಕೂ ಅದೊಂದೇ ಸಾಲದು. ಸಿಲಿಕೇಟಿನಲ್ಲೂ ಎರಡು ಬಗೆ, ಸೋಡಿಯಂ ಮತ್ತು ಪೊಟ್ಯಾಸಿಯಂ. ಸಲ್ಫ್ಯೂರಿಕ್ ಆಸಿಡ್ ಇರುವ ಕಡೆ ಸೋಡಿಯಂ ಸಿಲಿಕೇಟ್ ಬೇಡ. ಆಸಿಡ್ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಅದು ನೀರನ್ನು ಹಿಡಿದುಕೊಂಡು ದೊಡ್ಡ ಹರಳಾಗಿ ಬೆಳೆಯುತ್ತದೆ. ಆ ಹರಳು ಒಳಗಿನಿಂದಲೇ ಸಂದನ್ನು ಒಡೆಯುತ್ತದೆ. ಪೊಟ್ಯಾಸಿಯಂ ಸಲ್ಫೇಟ್ ನೀರನ್ನು ಹಾಗೆ ಹಿಡಿದುಕೊಳ್ಳುವುದಿಲ್ಲ. ಮಾರುವವರು ಎರಡನ್ನೂ "ಸಿಲಿಕೇಟ್ ಗಾರೆ" ಎಂದೇ ಕರೆಯಬಹುದು, ಚೀಲದ ಮೇಲೆ ಯಾವುದು ಎಂದು ಓದಿ ನೋಡಿ. ಇನ್ನು ಕೆಲವು ಸಿಲಿಕೇಟ್ ಗಾರೆಗಳಲ್ಲಿ ಗಟ್ಟಿಯಾಗಲು ಸೋಡಿಯಂ ಸಿಲಿಕೋಫ್ಲೋರೈಡ್ ಬೆರೆಸಿರುತ್ತಾರೆ. ಅದು ವಿಷ. ಪುಡಿ ಸುರಿಯುವಾಗ ಮಾಸ್ಕ್, ಗ್ಲೌಸ್ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ, ಊಟದ ಡಬ್ಬಿಗಳನ್ನು ದೂರ ಇಡಿಸಿ.

ರೆಸಿನ್ ಗಾರೆಗಳಲ್ಲಿ ಫ್ಯೂರಾನ್ ಬಹಳ ಬಲವಾದದ್ದು. ಹೈಡ್ರೋಕ್ಲೋರಿಕ್, ತೆಳು ಸಲ್ಫ್ಯೂರಿಕ್, ಕ್ಷಾರ ಎಲ್ಲವನ್ನೂ ತಡೆಯುತ್ತದೆ, ಬಿಸಿಯನ್ನೂ ತಡೆಯುತ್ತದೆ. ಆಕ್ಸಿಡೈಸ್ ಮಾಡುವ ಆಸಿಡ್ ಬಂದರೆ ಮಾತ್ರ ಸೋಲುತ್ತದೆ. ನೈಟ್ರಿಕ್, ಕ್ರೋಮಿಕ್, ಗಟ್ಟಿ ಸಲ್ಫ್ಯೂರಿಕ್ ಇರುವ ಕಡೆ ಅದನ್ನು ಹಾಕಬೇಡಿ. ಕ್ರೋಮ್ ಪ್ಲೇಟಿಂಗ್ ಮಾಡುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಫ್ಯೂರಾನ್ ಗಟ್ಟಿಯಾಗುವುದು ಆಸಿಡ್ ಹಾರ್ಡನರ್ ಸೇರಿ, ಕಾಂಕ್ರೀಟ್ ಇರುವುದು ಕ್ಷಾರದ ಗುಣದಲ್ಲಿ. ನೇರವಾಗಿ ಕಾಂಕ್ರೀಟಿಗೆ ತಾಗಿಸಿದರೆ ಕೆಳಗಿನ ಪದರ ಹಸಿಯಾಗಿಯೇ ಉಳಿಯುತ್ತದೆ. ನಡುವೆ ಪ್ರೈಮರ್ ಅಥವಾ ತಡೆ ಪದರ ಇರಲೇಬೇಕು. ಎಪಾಕ್ಸಿ, ವಿನೈಲ್ ಎಸ್ಟರ್ ಕೂಡ ಸಿಗುತ್ತವೆ. ಅವುಗಳ ತಾಳಿಕೆಯ ಪಟ್ಟಿಯನ್ನು ತಯಾರಕರಿಂದ ಕೇಳಿ ಪಡೆದು, ನೀವು ಬರೆದ ಹಾಳೆಯ ಜೊತೆ ಸಾಲು ಸಾಲಾಗಿ ಹೋಲಿಸಿ.

ನಮ್ಮ ಕರಾವಳಿಯ ಸಂಬಂಧವೂ ಇಲ್ಲಿ ಇದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆಯಿಂದ ರೆಸಿನ್ ಮಾಡುತ್ತಾರೆ. ಭಾರತದ ಮಾನದಂಡದಲ್ಲಿ ಅದಕ್ಕೂ ಜಾಗ ಇದೆ. ಆಕ್ಸಿಡೈಸ್ ಮಾಡದ ಆಸಿಡ್ ಬೀಳುವ, ತೀರಾ ಬಿಸಿ ಇಲ್ಲದ ನೆಲಕ್ಕೆ ಇದು ಒಳ್ಳೆಯ ಆಯ್ಕೆ. ಮಂಗಳೂರಿನ ಗೇರು ಕಾರ್ಖಾನೆಗಳಲ್ಲಿ ಸಿಪ್ಪೆ ಎಂದು ಉಳಿಯುವ ವಸ್ತು ಹೀಗೆ ಆಸಿಡ್ ನೆಲದ ಸಂದಿಗೆ ಬರುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಗಂಧಕದ ಗಾರೆಯನ್ನು ಕರಗಿಸಿ ಬಿಸಿಬಿಸಿಯಾಗಿ ಸಂದಿಗೆ ಸುರಿಯುತ್ತಾರೆ. ಆರಿದ ಕೂಡಲೇ ಕೆಲಸಕ್ಕೆ ಸಿದ್ಧ. ಆಕ್ಸಿಡೈಸ್ ಮಾಡುವ ಆಸಿಡ್ಡಿಗೂ ಸರಿ. ಗಂಧಕ ಕರಗುವುದು ಸುಮಾರು 115–119 ಡಿಗ್ರಿಯಲ್ಲಿ, ಹಾಗಾಗಿ 90 ಡಿಗ್ರಿ ಆಸುಪಾಸಿಗೆ ಅದರ ಮಿತಿ ಮುಗಿಯುತ್ತದೆ. ಬಿಸಿ ಕಾಸ್ಟಿಕ್ಕಿಗೆ ಆಗುವುದಿಲ್ಲ.

ಚಿಕ್ಕ ಘಟಕದ ಹೈಡ್ರೋಕ್ಲೋರಿಕ್ ಪಿಕ್ಲಿಂಗ್ ನೆಲಕ್ಕೆ ಏನು ಮಾಡಬೇಕು ಎಂದು ಕೇಳಿದರೆ ನನ್ನ ಉತ್ತರ ಇದು: ಇಟ್ಟಿಗೆಯನ್ನು ಪೊಟ್ಯಾಸಿಯಂ ಸಿಲಿಕೇಟ್ ಗಾರೆಯ ಮೇಲೆ ಕೂರಿಸಿ. ಮೇಲಿನ ಸಂದನ್ನು 15–20 ಮಿ.ಮೀ. ಆಳಕ್ಕೆ ಖಾಲಿ ಬಿಡಿ. ಆ ಖಾಲಿ ಜಾಗಕ್ಕೆ ಫ್ಯೂರಾನ್ ಅಥವಾ ಗೇರು ರೆಸಿನ್ ಗಾರೆ ತುಂಬಿ. ಕೆಳಗಿನ ಗಾರೆಗೆ ದುಡ್ಡು ಉಳಿಯುತ್ತದೆ, ನೀರು ಮತ್ತು ಸೋಡಾ ತಾಗುವ ಮೇಲ್ಭಾಗ ಗಟ್ಟಿ ಇರುತ್ತದೆ. ಇದಕ್ಕೆ 20 ಮಿ.ಮೀ. ಟೈಲ್ ತೆಳುವಾಯಿತು. 38 ಮಿ.ಮೀ. ದಪ್ಪದ ಇಟ್ಟಿಗೆ ಹಾಕಿದರೆ ಸಂದಿಗೆ ಆಳ ಸಿಗುತ್ತದೆ, ಟ್ರಾಲಿ ಓಡಾಟವನ್ನೂ ತಡೆಯುತ್ತದೆ.

ಐದನೇ ಹೆಜ್ಜೆ: ಕಟ್ಟುವುದು

ಇಲ್ಲಿ ನಮ್ಮ ಮೇಸ್ತ್ರಿಗಳ ಕೈಗೆ ಅಂಟಿದ ಒಂದು ಅಭ್ಯಾಸ ಬಿಡಿಸಬೇಕು. ಮನೆ ಕಟ್ಟುವಾಗ ಇಟ್ಟಿಗೆ ನೆನೆಸುತ್ತೇವೆ, ಕಟ್ಟಿದ ಮೇಲೆ ವಾರಗಟ್ಟಲೆ ನೀರು ಹೊಡೆಯುತ್ತೇವೆ. ಇಲ್ಲಿ ಎರಡೂ ಕೂಡದು. ಇಟ್ಟಿಗೆ ಒಣಗಿರಬೇಕು, ಧೂಳಿಲ್ಲದೆ ಇರಬೇಕು. ಸಿಲಿಕೇಟ್ ಗಾರೆಗೆ ನೀರು ಬಿದ್ದರೆ ಗಟ್ಟಿಯಾಗುವ ಮೊದಲೇ ತೊಳೆದುಹೋಗುತ್ತದೆ. ಕೆಲಸ ಶುರುವಾಗುವ ದಿನವೇ ಮೇಸ್ತ್ರಿಯನ್ನು ಕರೆದು ಇದನ್ನು ಹೇಳಿ. ಸಂಜೆ ಹೊತ್ತು ಯಾರೋ ಒಳ್ಳೆಯ ಮನಸ್ಸಿನಿಂದಲೇ ಪೈಪು ಹಿಡಿದು ನೀರು ಹೊಡೆದುಬಿಡುತ್ತಾರೆ. ವಾಚ್‌ಮನ್‌ಗೂ ಹೇಳಿಡಿ. ಮೇಲೆ ಶೆಡ್ ಇಲ್ಲದಿದ್ದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಗಾರೆಯನ್ನು ಅರ್ಧ ಗಂಟೆಯೊಳಗೆ ಖಾಲಿಯಾಗುವಷ್ಟೇ ಕಲಸಿ. ತಯಾರಕರು ಹೇಳಿದ ಅಳತೆಯನ್ನು ತಕ್ಕಡಿಯಲ್ಲಿ ತೂಗಿ ಹಾಕಿ, ಬಾಂಡ್ಲಿ ಲೆಕ್ಕ ಬೇಡ. ಬಿಗಿಯಾಗಲು ಶುರುವಾದ ಗಾರೆಗೆ ದ್ರವ ಸುರಿದು ಮತ್ತೆ ಸಡಿಲ ಮಾಡಬಾರದು, ಎಸೆದುಬಿಡಬೇಕು. ಇಟ್ಟಿಗೆಯ ತಳಕ್ಕೂ ಪಕ್ಕಗಳಿಗೂ ಕರಣೆಯಲ್ಲಿ ಗಾರೆ ಬಳಿಯಿರಿ. ಆಮೇಲೆ ಇಟ್ಟಿಗೆಯನ್ನು ಒತ್ತಿ ಜಾರಿಸುತ್ತ ಜಾಗಕ್ಕೆ ತನ್ನಿ. ಸಂದಿನಿಂದ ಗಾರೆ ಉಕ್ಕಿ ಹೊರಬರಬೇಕು. ಉಕ್ಕಲಿಲ್ಲ ಎಂದರೆ ಒಳಗೆ ಪೊಳ್ಳು ಇದೆ. ಪೊಳ್ಳಿನಲ್ಲಿ ಆಸಿಡ್ ನಿಂತು ಅಲ್ಲಿಂದ ಕೆಳಗೆ ಹೋಗುತ್ತದೆ. ಸಂದು 3ರಿಂದ 6 ಮಿ.ಮೀ. ಇರಲಿ, ಮೇಲೆ ಬೇರೆ ಗಾರೆ ತುಂಬುವುದಿದ್ದರೆ ತುಂಬಲು ಬರುವಷ್ಟು ಅಗಲ ಬಿಡಿ. ಇಟ್ಟಿಗೆ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಬಿಟ್ಟುಕೊಂಡು ಕತ್ತರಿಸಿ, ಆಮೇಲೆ ಒಣಗಿಸಿ ಬಳಸಿ.

ಸಿಲಿಕೇಟ್ ಸಂದುಗಳು ಗಾಳಿಯಲ್ಲಿ ಒಣಗಿ ಗಟ್ಟಿಯಾದ ಮೇಲೆ ಆಸಿಡ್ ಬಳಿಯುವ ಕೆಲಸ ಇದೆ. ಶೇಕಡ 20–25 ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಬ್ರಷ್‌ನಲ್ಲಿ ಸಂದುಗಳ ಮೇಲೆ ಹಚ್ಚುತ್ತಾರೆ. ಉಳಿದ ಸಿಲಿಕೇಟ್ ಗಟ್ಟಿ ಸಿಲಿಕಾ ಆಗುತ್ತದೆ, ಸಂದು ಬಿಗಿಯಾಗುತ್ತದೆ. ಮೇಲೆ ಬಿಳಿ ಉಪ್ಪು ಏಳುತ್ತದೆ, ಅದನ್ನು ಒರೆಸಿ. ಇದಾದ ಮೇಲೆಯೇ ರೆಸಿನ್ ತುಂಬುವುದು.

ಹಿಗ್ಗಲು ಜಾಗ ಬಿಡುವುದನ್ನು ಮರೆಯಬೇಡಿ. ಆಸಿಡ್ ಇಟ್ಟಿಗೆ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 5 ಪಾಲು ಹಿಗ್ಗುತ್ತದೆ. 10 ಮೀಟರ್ ನೆಲ 60 ಡಿಗ್ರಿ ಬಿಸಿಯಾದರೆ 3 ಮಿ.ಮೀ. ಆಯಿತು. ಅಷ್ಟು ಸಾಕು, ಜಾಗ ಇಲ್ಲದಿದ್ದರೆ ನೆಲ ಉಬ್ಬಿ ಎದ್ದುಬಿಡುತ್ತದೆ. ಗೋಡೆಯ ಅಂಚು, ಕಂಬದ ಸುತ್ತ, ದೊಡ್ಡ ನೆಲದಲ್ಲಿ ಕೆಲವು ಮೀಟರಿಗೊಂದು ಕಡೆ ಮೆದು ಸಂದು ಕೊಟ್ಟು, ಆಸಿಡ್ ತಡೆಯುವ ಮೆದು ಸೀಲಂಟ್ ತುಂಬಿ. ವಾಟದಲ್ಲಿ ಎತ್ತರದ ಜಾಗದಲ್ಲಿ ಈ ಸಂದುಗಳನ್ನು ಇಟ್ಟರೆ ದ್ರವ ಅಲ್ಲಿ ನಿಲ್ಲುವುದಿಲ್ಲ.

ಆರನೇ ಹೆಜ್ಜೆ: ಟವರಿನೊಳಗಿನ ಪ್ಯಾಕಿಂಗ್

ಗ್ಯಾಸನ್ನು ದ್ರವದಲ್ಲಿ ಕರಗಿಸಬೇಕಾದರೆ ಎರಡಕ್ಕೂ ಮುಖಾಮುಖಿ ಆಗಲು ದೊಡ್ಡ ಮೈ ಬೇಕು. ಅದಕ್ಕೆಂದು ಟವರಿನೊಳಗೆ ತುಂಬುವ ತುಂಡುಗಳನ್ನೇ ಪ್ಯಾಕಿಂಗ್ ಎನ್ನುವುದು. ಇಂಗ್ಲೆಂಡಿನಲ್ಲಿ ವಿಲಿಯಂ ಗಾಸೇಜ್ 1836ರಲ್ಲಿ ಕೋಕ್ ತುಂಬಿದ ಟವರಿನಲ್ಲಿ ಮೇಲಿನಿಂದ ನೀರು ಬಿಟ್ಟು, ಸೋಡಾ ಕಾರ್ಖಾನೆಯ ಹೈಡ್ರೋಕ್ಲೋರಿಕ್ ಹೊಗೆಯನ್ನು ಹಿಡಿದ. ಕೋಕ್ ತುಂಡುಗಳು ಅಡ್ಡಾದಿಡ್ಡಿ, ಗ್ಯಾಸ್ ಎಲ್ಲೆಂದರಲ್ಲಿ ನುಗ್ಗುತ್ತದೆ. ಜರ್ಮನಿಯ ಫ್ರೀಡ್ರಿಕ್ ರಾಶಿಗ್ ಉದ್ದ, ವ್ಯಾಸ ಎರಡೂ ಒಂದೇ ಇರುವ ಚಿಕ್ಕ ಪಿಂಗಾಣಿ ಉಂಗುರಗಳನ್ನು ತಂದ, 1914ರಲ್ಲಿ ಪೇಟೆಂಟ್ ಪಡೆದ. ಆಮೇಲೆ ಕುದುರೆ ಜೀನಿನ ಆಕಾರದ ಸ್ಯಾಡಲ್‌ಗಳು ಬಂದವು. ಹಳೇ ಟವರುಗಳಲ್ಲಿ ಇಂದಿಗೂ ರಿಂಗ್ ಇರುತ್ತದೆ. ಹೊಸದಾಗಿ ಹಾಕುವುದಾದರೆ ಸ್ಯಾಡಲ್ ಹಾಕಿ. 50 ಮಿ.ಮೀ. ಪಿಂಗಾಣಿ ರಿಂಗ್ ಒಂದು ಘನ ಮೀಟರಿನಲ್ಲಿ ಸುಮಾರು 95 ಚದರ ಮೀಟರ್ ಮೈ ಕೊಟ್ಟರೆ ಅದೇ ಅಳತೆಯ ಸ್ಯಾಡಲ್ 110ರ ಹತ್ತಿರ ಕೊಡುತ್ತದೆ. ಗ್ಯಾಸಿನ ಒತ್ತಡ ಕಳೆದುಹೋಗುವುದೂ ಸ್ಯಾಡಲ್‌ನಲ್ಲಿ ಕಡಿಮೆ, ಬ್ಲೋವರಿನ ಕರೆಂಟ್ ಬಿಲ್ಲಿನಲ್ಲಿ ಅದು ಕಾಣುತ್ತದೆ.

ಸಲ್ಫ್ಯೂರಿಕ್ ಆಸಿಡ್ ಪ್ಲಾಂಟಿನಲ್ಲಿ ಪಿಂಗಾಣಿ ಸ್ಯಾಡಲ್ ಬಿಟ್ಟು ಬೇರೆ ದಾರಿ ಕಡಿಮೆ. ಸಲ್ಫರ್ ಟ್ರೈಆಕ್ಸೈಡನ್ನು ಬರೀ ನೀರಿನಲ್ಲಿ ಹಿಡಿಯಲು ಹೋದರೆ ಆಸಿಡ್ಡಿನ ಮಂಜಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಅದಕ್ಕೇ ಶೇಕಡ 98ರ ಆಸಿಡ್ಡಿನಲ್ಲಿ ಹಿಡಿಯುತ್ತಾರೆ. ಆ ಗಟ್ಟಿ ಆಸಿಡ್ ಬಿಸಿಯಾಗಿ ಸುರಿಯುವ ಟವರಿನಲ್ಲಿ ಪ್ಲಾಸ್ಟಿಕ್ ನಿಲ್ಲುವುದಿಲ್ಲ. 75 ಮಿ.ಮೀ. ಸ್ಯಾಡಲ್, ಇಟ್ಟಿಗೆಯ ಒಳಗೋಡೆ, ಪೊಟ್ಯಾಸಿಯಂ ಸಿಲಿಕೇಟ್ ಸಂದು ಇದು ಅಲ್ಲಿನ ಹಳೆಯ, ನಂಬಿಕೆಯ ಜೋಡಣೆ. ಆದರೆ ನಿಮ್ಮ ಪಿಕ್ಲಿಂಗ್ ಶೆಡ್ಡಿನ ತಣ್ಣನೆಯ ಹೊಗೆ ತೊಳೆಯುವ ಸ್ಕ್ರಬ್ಬರಿಗೆ ಪಿಂಗಾಣಿ ಬೇಕಾಗಿಲ್ಲ. ಅಲ್ಲಿ ಪಾಲಿಪ್ರೊಪಿಲೀನ್ ಹಾಕಿ, ಹಗುರ, ಒಡೆಯುವುದಿಲ್ಲ.

ಪಿಂಗಾಣಿಯೇ ಬೇಕು ಎಂದಾದರೆ ಒಂದು ಲೆಕ್ಕ ಮಾಡೋಣ. ಟವರಿನ ವ್ಯಾಸ 600 ಮಿ.ಮೀ., ಪ್ಯಾಕಿಂಗ್ ಎತ್ತರ 3 ಮೀಟರ್. ಸ್ಯಾಡಲ್‌ನ ಅಳತೆ ಟವರ್ ವ್ಯಾಸದ ಹದಿನೈದನೇ ಒಂದು ಪಾಲನ್ನು ಮೀರಬಾರದು, ಮೀರಿದರೆ ದ್ರವ ಗೋಡೆಗುಂಟ ಇಳಿದುಬಿಡುತ್ತದೆ. 600ರ ಹದಿನೈದನೇ ಒಂದು ಪಾಲು 40. ಹಾಗಾದರೆ 38 ಮಿ.ಮೀ. ಸ್ಯಾಡಲ್ ಸರಿ, 50 ಬೇಡ. ಟವರಿನ ಅಡ್ಡಗಾತ್ರ 0.283 ಚದರ ಮೀಟರ್, ಮೂರು ಮೀಟರಿಗೆ 0.85 ಘನ ಮೀಟರ್. ಘನ ಮೀಟರಿಗೆ ಸುಮಾರು 650 ಕಿಲೋ ಎಂದು ಹಿಡಿದರೆ 550 ಕಿಲೋ ತೂಕ. ಇದರ ಮೇಲೆ ಒದ್ದೆಯಾದಾಗ ಹಿಡಿದುಕೊಳ್ಳುವ ದ್ರವ. ಕೆಳಗಿನ ಸಪೋರ್ಟ್ ಪ್ಲೇಟ್ ಇಷ್ಟನ್ನು ಹೊರಬೇಕು. ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ ಮಾಡಿದ ಟವರಿಗೆ ವಿಚಾರಿಸದೆ ಪಿಂಗಾಣಿ ತುಂಬಿದರೆ ಪ್ಲೇಟ್ ಬಾಗುವುದು ಇದೇ ಕಾರಣಕ್ಕೆ. ಒಡೆಯುವುದಕ್ಕೆ, ಕುಸಿಯುವುದಕ್ಕೆ ಎಂದು ಸ್ವಲ್ಪ ಹೆಚ್ಚು ತರಿಸಿ.

ತುಂಬುವ ಮುಂಚೆ ಸ್ಯಾಡಲ್‌ಗಳನ್ನು ಜಾಲರಿಯ ಮೇಲೆ ಸುರಿದು ಚೂರು, ಪುಡಿ ತೆಗೆಯಿರಿ. ಚೂರುಗಳು ಒಳಗೆ ಹೋದರೆ ಗ್ಯಾಸಿನ ದಾರಿ ಮುಚ್ಚುತ್ತವೆ. ಹೊಸ ಟವರಾದರೆ ಅದಕ್ಕೆ ನೀರು ತುಂಬಿ ಮೇಲಿನಿಂದ ನಿಧಾನವಾಗಿ ಬಿಡುವುದು ಒಳ್ಳೆಯದು. ನೀರಿನಲ್ಲಿ ತೇಲುತ್ತ ಇಳಿಯುವುದರಿಂದ ಒಡೆಯುವುದಿಲ್ಲ, ಸಡಿಲವಾಗಿ ಸಮನಾಗಿ ಕೂರುತ್ತವೆ. ನೀರಿನ ಭಾರವನ್ನು ಟವರೂ ತಳಪಾಯವೂ ತಡೆಯುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಟ್ಟಿ ಸಲ್ಫ್ಯೂರಿಕ್ ಓಡಿದ ಟವರಿಗೆ ಈ ವಿಧಾನ ಬೇಡವೇ ಬೇಡ. ಅಲ್ಲಿ ಬುಟ್ಟಿಯಲ್ಲಿ ಇಳಿಸಿ ಕೆಳಗಡೆ ಹತ್ತಿರದಿಂದ ಸುರಿಯಬೇಕು. ಸ್ಯಾಡಲ್ ಮೇಲೆ ನೇರ ಕಾಲಿಡದೆ ಹಲಗೆ ಹಾಸಿಕೊಳ್ಳಿ. ತುಂಬಿದ ಮೇಲೆ ಮೇಲ್ಗಡೆ ಭಾರದ ಜಾಲರಿ ಇಡಿ. ಅದು ಪ್ಯಾಕಿಂಗ್ ಮೇಲೆಯೇ ಕೂರಬೇಕು. ಗ್ಯಾಸ್ ಏಕಾಏಕಿ ಜೋರಾದರೆ ಮೇಲಿನ ಸ್ಯಾಡಲ್‌ಗಳು ಕುಣಿದು ಒಂದಕ್ಕೊಂದು ಬಡಿದು ಪುಡಿಯಾಗುತ್ತವೆ, ಜಾಲರಿ ಅದನ್ನು ತಡೆಯುತ್ತದೆ.

ಉಳಿದ ಬಳಕೆಗಳು, ಚಿಕ್ಕದಾಗಿ

ಬಣ್ಣ, ಪಿಗ್ಮೆಂಟ್ ಅರೆಯುವ ಬಾಲ್ ಮಿಲ್ಲಿಗೆ ಪಿಂಗಾಣಿ ಗುಂಡು ಹಾಕುವುದು ಕಬ್ಬಿಣದ ಬಣ್ಣ ಸೇರಬಾರದೆಂದು. ಬಹಳ ಗಟ್ಟಿ ವಸ್ತು ಅರೆಯುವುದಿದ್ದರೆ ಹೈ ಅಲ್ಯೂಮಿನಾ ಗುಂಡು ಬಾಳಿಕೆ ಬರುತ್ತದೆ. ಲ್ಯಾಬಿನ ಪಿಂಗಾಣಿ ಮೂಸೆಯಲ್ಲಿ ಕಾಸ್ಟಿಕ್ ಕರಗಿಸಬೇಡಿ, ಅದಕ್ಕೆ ನಿಕ್ಕಲ್ ಮೂಸೆ ಇದೆ. ಸಾಲ್ವೆಂಟ್ ಹೊಗೆ ಸುಡುವ ಥರ್ಮಲ್ ಆಕ್ಸಿಡೈಸರುಗಳಲ್ಲಿ ಶಾಖ ಹಿಡಿದಿಡಲು ಪಿಂಗಾಣಿ ಸ್ಯಾಡಲ್ ಅಥವಾ ಜೇನುಗೂಡಿನ ಬ್ಲಾಕು ಹಾಕುತ್ತಾರೆ. ಹಳೇ ಕಾಲದ ಸ್ಟೋನ್‌ವೇರ್ ಪಂಪು, ಪೈಪುಗಳ ಜಾಗವನ್ನು ಈಗ ಹೆಚ್ಚಾಗಿ ಪ್ಲಾಸ್ಟಿಕ್ ಹಿಡಿದಿದೆ, ಅದು ಸರಿಯೂ ಹೌದು.

ಏಳನೇ ಹೆಜ್ಜೆ: ಓಡಿಸುವುದು, ನೋಡಿಕೊಳ್ಳುವುದು

ಮಣ್ಣಿನ ಸಾಮಾನಿಗೆ ಏಕಾಏಕಿ ಬಿಸಿ, ಏಕಾಏಕಿ ತಂಪು ಎರಡೂ ಆಗುವುದಿಲ್ಲ. ಶಾಖ ಅದರೊಳಗೆ ನಿಧಾನವಾಗಿ ಹರಿಯುತ್ತದೆ. ಹೊರಮೈ ಕುಗ್ಗಿ ಒಳಗಿನದು ಹಿಗ್ಗಿಯೇ ಇದ್ದರೆ ಬಿರುಕು ಖಚಿತ. ಬಿಸಿ ತೊಟ್ಟಿ ಖಾಲಿ ಮಾಡಿದ ಕೂಡಲೇ ತಣ್ಣೀರು ಬಿಡಬೇಡಿ. ಹೊಸ ಲೈನಿಂಗನ್ನು ಮೊದಲ ಸಲ ಬಿಸಿ ಮಾಡುವಾಗ ಗಂಟೆಗೆ ಕೆಲವೇ ಡಿಗ್ರಿ ಏರಿಸಿ. ತೊಟ್ಟಿಯನ್ನು ಸ್ಟೀಮಿನಿಂದ ಕಾಯಿಸುವವರು ಸ್ಟೀಮ್ ಪೈಪಿನ ಬಾಯಿ ನೇರ ಇಟ್ಟಿಗೆಗೆ ಹೊಡೆಯದ ಹಾಗೆ ತಿರುಗಿಸಿ.

ವಾರಕ್ಕೊಮ್ಮೆ ನೆಲವನ್ನು ಮರದ ಸುತ್ತಿಗೆಯಲ್ಲಿ ತಟ್ಟುತ್ತ ನಡೆಯಿರಿ. ಪೊಳ್ಳು ಸದ್ದು ಬಂದ ಇಟ್ಟಿಗೆಗೆ ಗುರುತು ಹಾಕಿ. ಸಂದಿನಲ್ಲಿ ಗಾರೆ ಕೆಳಗಿಳಿದಿದ್ದರೆ ಕೆರೆದು, ಒಣಗಿಸಿ, ಆಗಲೇ ತುಂಬಿ. ಉಕ್ಕಿನ ಟವರಿನ ಹೊರಮೈಯಲ್ಲಿ, ಫ್ಲೇಂಜಿನ ಕೆಳಗೆ ಹಸಿರು ಮಿಶ್ರಿತ ಬಿಳಿ ಉಪ್ಪಿನ ಗೆರೆ ಕಂಡರೆ ಅದು ಕಬ್ಬಿಣದ ಸಲ್ಫೇಟ್. ಆಸಿಡ್ ಇಟ್ಟಿಗೆಯನ್ನೂ ಪದರವನ್ನೂ ದಾಟಿ ಉಕ್ಕಿಗೆ ತಲುಪಿದೆ ಎಂದರ್ಥ. ಹೊರಗಿನಿಂದ ಪ್ಯಾಚ್ ಹೊಡೆದು ಮುಚ್ಚಿದರೆ ಆಸಿಡ್ ಒಳಗೇ ಹರಡುತ್ತದೆ.

ರಿಪೇರಿಗೆ ಟವರಿನೊಳಗೆ ಹೋಗುವ ಮುಂಚೆ ಒಂದು ಅಪಾಯ ಎಲ್ಲರಿಗೂ ತಿಳಿದಿರಬೇಕು. ಗಟ್ಟಿ ಸಲ್ಫ್ಯೂರಿಕ್ ಇದ್ದ ಕಡೆ ನೀರು ಬಿದ್ದರೆ ಆಸಿಡ್ ತೆಳುವಾಗುತ್ತದೆ. ತೆಳು ಆಸಿಡ್ ಉಕ್ಕನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಆ ಗ್ಯಾಸ್ ಇಟ್ಟಿಗೆಯ ಹಿಂದೆ, ಟವರಿನ ತುದಿಯಲ್ಲಿ ಸೇರಿಕೊಂಡಿರುತ್ತದೆ. ವೆಲ್ಡಿಂಗ್ ಕಿಡಿ ಒಂದು ಸಾಕು. ಗ್ಯಾಸ್ ಮೀಟರಿನಲ್ಲಿ ಹೈಡ್ರೋಜನ್ನೂ ಆಮ್ಲಜನಕವೂ ನೋಡಿ, ಪರ್ಮಿಟ್ ಬರೆದು, ಹೊರಗೆ ಒಬ್ಬರನ್ನು ನಿಲ್ಲಿಸಿಯೇ ಒಳಗೆ ಹೋಗಬೇಕು. ಹೊರಗೆ ನಿಂತವರು ಯಾವ ಕಾರಣಕ್ಕೂ ಜಾಗ ಬಿಡಬಾರದು.

ಕಿತ್ತ ಜಾಗಕ್ಕೆ ಹಳೇ ಗಾರೆ ಯಾವುದೋ ಅದೇ ಗಾರೆ ಹಾಕಿ. ಅದು ಗೊತ್ತಾಗಬೇಕಾದರೆ ಕಟ್ಟಿದ ದಿನವೇ ಇಟ್ಟಿಗೆಯ ದರ್ಜೆ, ಗಾರೆಯ ಹೆಸರು, ಬ್ಯಾಚ್ ನಂಬರ್, ತಡೆ ಪದರದ ವಿವರ, ತಾರೀಖು ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿರಬೇಕು. ಅದೇ ಲೋಡಿನ ನೂರು ಇಟ್ಟಿಗೆಯನ್ನು ಸ್ಟೋರಿನಲ್ಲಿ ಒಣಗಿದ ಕಡೆ ಎತ್ತಿಡಿ. ನಾಲ್ಕು ವರ್ಷ ಬಿಟ್ಟು ಹುಡುಕಿದರೆ ಅದೇ ಅಳತೆ ಸಿಗುವುದು ಕಷ್ಟ.